ನಿದ್ದೆ ಸರಿಹೋದ ಮೇಲೆ ಮರಳಿದ ನೆನಪು

ಐವತ್ತು ದಾಟಿದ ಹೆಂಗಸು ಹೆಸರುಗಳನ್ನು ಮರೆಯತೊಡಗಿದರೆ ವಯಸ್ಸಾಯಿತು, ಮುಟ್ಟು ನಿಲ್ಲುವ ಕಾಲ, ಮನೆ-ಶಾಲೆ ಎರಡರ ದಣಿವು ಎಂದು ಸುತ್ತಲಿನವರು ಸಮಾಧಾನ ಹೇಳುತ್ತಾರೆ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೂ ಎಲ್ಲರೂ ಅದನ್ನೇ ಹೇಳಿದ್ದರು. ವರ್ಷಗಳಿಂದ ಬಾಯಿಪಾಠವಾಗಿದ್ದ ಇಸವಿಗಳು ಪಾಠದ ನಡುವೆ ಕೈಕೊಡುತ್ತಿದ್ದವು. ಎದುರಿಗೆ ನಿಂತ ಮಗುವಿನ ಹೆಸರಿಗಾಗಿ ಹಾಜರಿ ಪುಸ್ತಕ ತಿರುವಬೇಕಾಗುತ್ತಿತ್ತು. ರಾತ್ರಿ ಓದಿದ ಪುಟವನ್ನು ಬೆಳಿಗ್ಗೆ ಹೊಸದೆಂಬಂತೆ ಮತ್ತೆ ಓದುತ್ತಿದ್ದೆ. ನನ್ನ ತಾಯಿ ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆಯಿಂದ ನನ್ನನ್ನೇ ಗುರುತಿಸದಂತಾಗಿದ್ದರು. ಹಾಗಾಗಿ ನನ್ನೊಳಗಿನ ಭಯ ಎಂಥದೆಂದು ನಾನು ಯಾರ ಬಳಿಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಕಾಯಿಲೆಯ ಸುಳಿವು ಸಿಕ್ಕಿದ್ದು ನನ್ನ ಮಗಳಿಂದ. ರಜೆಗೆಂದು ಬಂದವಳು ನನ್ನ ಪಕ್ಕದಲ್ಲೇ ಮಲಗಿದ್ದಳು. ಬೆಳಿಗ್ಗೆ ಎದ್ದವಳೇ, “ಅಮ್ಮ, ನಿಂಗೆ ನಿದ್ದೇಲಿ ಉಸಿರೇ ನಿಂತ್ಹೋಗ್ತತಿ, ನಂಗೆ ಹೆದ್ರಿಕಿ ಆತು” ಎಂದು ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ತೋರಿಸಿದಳು. ಗೊರಕೆ ನಡುವೆ ಥಟ್ಟನೆ ನಿಲ್ಲುತ್ತಿತ್ತು, ಎದೆ ಮಾತ್ರ ಏಳುಬೀಳುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಮುಳುಗಿದವರು ಮೇಲಕ್ಕೆ ಬಂದಂತೆ ಉಸಿರನ್ನು ಎಳೆದುಕೊಳ್ಳುತ್ತಿದ್ದೆ. ಬೆಳಗಿನ ತಲೆನೋವು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಮಾತ್ರೆಗೂ ಬಗ್ಗದ ರಕ್ತದೊತ್ತಡ, ಇವೆಲ್ಲ ಒಂದೇ ಕಾಯಿಲೆಗೆ ಸೇರಿದವಾಗಿರಬಹುದು ಎಂದು ಶ್ವಾಸಕೋಶ ತಜ್ಞರು ಆ ವಿಡಿಯೊ ನೋಡಿದ ಮೇಲೆ ಹೇಳಿದರು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಈ ಕಾಯಿಲೆಯ ಹೆಸರು ಸ್ಲೀಪ್ ಅಪ್ನಿಯಾ ಎಂಬುದೂ, ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಅದು ಹೆಚ್ಚುತ್ತದೆಂಬುದೂ, ಅವರು ಗೊರಕೆಗಿಂತ ಹೆಚ್ಚಾಗಿ ಸುಸ್ತು, ಮಂಕುತನಗಳ ಬಗ್ಗೆಯೇ ಹೇಳಿಕೊಳ್ಳುವುದರಿಂದ ಅದು ಎಷ್ಟೋ ಸಲ ಪತ್ತೆಯಾಗದೆ ಉಳಿಯುತ್ತದೆಂಬುದೂ ನನಗೆ ಗೊತ್ತಾದದ್ದು ಆಗಲೇ.

ನಿದ್ದೆಯ ಪರೀಕ್ಷೆಗೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಬೇಕಿತ್ತು. ತಲೆಗೆ ಅಂಟು ಹಚ್ಚಿ ತಂತಿಗಳನ್ನು ಕೂರಿಸಿದರು. ಕಣ್ಣುಗಳ ಬದಿಗೆ, ಗಲ್ಲಕ್ಕೆ, ಕಾಲುಗಳಿಗೆ ಇನ್ನಷ್ಟು ತಂತಿಗಳು. ಎದೆ, ಹೊಟ್ಟೆಗಳ ಸುತ್ತ ಪಟ್ಟಿ, ಮೂಗಿನ ಕೆಳಗೆ ಸಣ್ಣ ಕೊಳವೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ಇಷ್ಟನ್ನೆಲ್ಲ ಹೊತ್ತು ಯಾರಿಗೆ ನಿದ್ದೆ ಬಂದೀತು ಎಂದುಕೊಂಡಿದ್ದೆ. ದಣಿದ ದೇಹಕ್ಕೆ ಅದೂ ಅಡ್ಡಿಯಾಗಲಿಲ್ಲ. ವರದಿಯಲ್ಲಿ ಗಂಟೆಗೆ ಸರಾಸರಿ 34 ಬಾರಿ ಉಸಿರು ನಿಂತಿತ್ತು ಇಲ್ಲವೆ ತೀರ ಕಡಿಮೆಯಾಗಿತ್ತು. ಪ್ರತಿ ಸಲವೂ ಕನಿಷ್ಠ 10 ಸೆಕೆಂಡು ಹಾಗಾದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 5ರಿಂದ 15 ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ನನ್ನದು ತೀವ್ರ ಬಗೆಯದಾಗಿತ್ತು.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಹೋಗುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಆಗ ಮಿದುಳು ನಮ್ಮನ್ನು ಕ್ಷಣಕಾಲ ಎಬ್ಬಿಸಿ ಉಸಿರಾಡಿಸುತ್ತದೆ. ಆ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ಹಗಲಿನಲ್ಲಿ ಕಂಡು ಕೇಳಿದ್ದನ್ನು ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಮೊದಲು ಹಿಡಿದಿಟ್ಟುಕೊಳ್ಳುತ್ತದೆ, ಗಾಢ ನಿದ್ದೆಯಲ್ಲಿ ಅದು ಗಟ್ಟಿಯಾಗಿ ನೆಲೆಗೊಳ್ಳುತ್ತದೆ. ಆ ನಿದ್ದೆಯೇ ತುಂಡುತುಂಡಾದರೆ ನೆಲೆಗೊಳ್ಳುವ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ. ವೈದ್ಯರು ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ನಾನು ಧೈರ್ಯ ಮಾಡಿ, “ಡಾಕ್ಟ್ರೇ, ಇದು ನಮ್ಮ ತಾಯಿಗೆ ಬಂದಿದ್ದಲ್ಲ ತಾನೇ?” ಎಂದು ಕೇಳಿದೆ. ಅವರು ಸುಳ್ಳು ಭರವಸೆ ಕೊಡಲಿಲ್ಲ. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ, ಮೊದಲು ನಿದ್ದೆ ಸರಿಪಡಿಸೋಣ, ಆಮೇಲೂ ಮರೆವು ಉಳಿದರೆ ಅದನ್ನು ಬೇರೆಯಾಗಿ ನೋಡೋಣ ಎಂದರು. ಆ ಮಾತಿಗಾಗಿ ನಾನು ಅವರಿಗೆ ಇಂದಿಗೂ ಕೃತಜ್ಞಳು.

ಚಿಕಿತ್ಸೆಯೆಂದರೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ವಿಧಾನ ಇದು: ಮಾಸ್ಕಿನ ಮೂಲಕ ಗಾಳಿಯನ್ನು ಹಿತವಾದ ಒತ್ತಡದಲ್ಲಿ ಕಳಿಸಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವುದು. ನೋಡಲು ಬಂದ ನೆಂಟರೆಲ್ಲ ಆಮ್ಲಜನಕ ಹಾಕಿದ್ದಾರೆಂದು ಗಾಬರಿಯಾದರು. ಅದು ಕೋಣೆಯ ಗಾಳಿಯೇ ಹೊರತು ಬೇರೇನಲ್ಲ. ಮೊದಲ ವಾರಗಳು ಕಷ್ಟವಾದವು. ಮೂಗು ಒಣಗುತ್ತಿತ್ತು, ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಮಾಸ್ಕಿನ ಅಳತೆ ಬದಲಿಸಿ, ಗಾಳಿಗೆ ತೇವ ಕೊಡುವ ತೊಟ್ಟಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸತೊಡಗಿದ ಮೇಲೆ ಒಗ್ಗಿಹೋಯಿತು. ಮೊದಲು ಹೋದದ್ದು ತಲೆನೋವು, ನಂತರ ಮಧ್ಯಾಹ್ನದ ತೂಕಡಿಕೆ. ನೆನಪು ಮಾತ್ರ ತಿಂಗಳುಗಳನ್ನು ತೆಗೆದುಕೊಂಡಿತು.

ಅದು ಬಂದಿದೆಯೆಂದು ನನಗೆ ಖಚಿತವಾದದ್ದು ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ದ ದಿನ. ಹಿಂದಿನ ವರ್ಷ ಇದೇ ಪ್ರವಾಸದಲ್ಲಿ ನಾನು ಚೀಟಿ ಹಿಡಿದು ಮಾತಾಡಿದ್ದೆ. ಈ ಸಲ ಬರಿಗೈಯಲ್ಲಿ ಬಾಗಿಲುಗಳನ್ನು ದಾಟುತ್ತ ಹೋದೆ. 1779ರಲ್ಲಿ ಹೈದರಾಲಿ ಕೋಟೆಯನ್ನು ಗೆದ್ದದ್ದು, ಕೊನೆಯ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದದ್ದು, ಬೆಟ್ಟದ ಮೇಲೆ ಬಿದ್ದ ಮಳೆನೀರು ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿಯುವಂತೆ ಮಾಡಿದ ಏರ್ಪಾಡು, ಎಲ್ಲವೂ ಒಂದರ ಹಿಂದೊಂದು ನಾಲಿಗೆಗೆ ಬಂದವು. ಆದರೆ ಇವು ಹಳೆಯ ನೆನಪುಗಳು, ನನ್ನಲ್ಲಿ ಎಂದೋ ಊರಿದಂಥವು; ಸಿಕ್ಕದೆ ತಡಕಾಡುತ್ತಿದ್ದುದು ಸಿಕ್ಕಿತು ಎನ್ನಬಹುದು, ಅಷ್ಟೇ.

ನನ್ನನ್ನು ಅಲುಗಾಡಿಸಿದ್ದು ಬೇರೆಯದು. ಬೆಳಿಗ್ಗೆ ಬಸ್ಸು ಹೊರಟ ಗದ್ದಲದಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು, “ಮಿಸ್, ಓಬವ್ವನ ಕಿಂಡೀಲಿ ದೊಡ್ಡೋರು ಹೆಂಗೆ ತೂರ್ತಿದ್ರು?” ಎಂದು ಕೇಳಿದ್ದಳು; ಅಲ್ಲಿಗೆ ಹೋದಾಗ ತೋರಿಸುತ್ತೇನೆ ಎಂದಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಆ ಕಿಂಡಿಯ ಬಳಿ ನಿಂತಾಗ, ಯಾರೂ ನೆನಪಿಸದೆ, ಆ ಪ್ರಶ್ನೆ, ಕೇಳಿದ ಹುಡುಗಿ, ಅವಳ ಹೆಸರು ಮೂರೂ ಒಟ್ಟಿಗೇ ನೆನಪಾದವು. ಅವಳನ್ನು ಹೆಸರು ಹಿಡಿದು ಮುಂದಕ್ಕೆ ಕರೆದೆ. ತಲೆ, ಹೆಗಲು ಒಂದೊಂದಾಗಿ ತೂರಿಸಬೇಕಾದ ಆ ಇಕ್ಕಟ್ಟಿನಲ್ಲಿ ಒಬ್ಬೊಬ್ಬರೇ ಬರಬೇಕಾಗಿದ್ದರಿಂದಲೇ ಓಬವ್ವ ಒಬ್ಬಳೇ ತಡೆಯಲು ಸಾಧ್ಯವಾಯಿತೆಂದು ವಿವರಿಸಿದೆ. ಅಂದೇ ಕೇಳಿದ್ದನ್ನು ಅಂದೇ ಉಳಿಸಿಕೊಳ್ಳುವ ಶಕ್ತಿಯನ್ನು ನಾನು ಕಳೆದುಕೊಂಡಿದ್ದೆ, ಅದು ಮರಳಿತ್ತು. ಮಕ್ಕಳು ಮುಂದೆ ಹೋದ ಮೇಲೆ ಅಲ್ಲೇ ಬಂಡೆಯ ಮೇಲೆ ಕೂತು ಅತ್ತೆ.

ಕಳೆದದ್ದೆಲ್ಲ ಬಂದಿಲ್ಲ. ಆ ಮಂಕು ಕವಿದ ವರ್ಷಗಳಲ್ಲಿ ನಡೆದ ತಮ್ಮನ ಮಗಳ ಮದುವೆಯ ಫೋಟೊಗಳಲ್ಲಿ ನಾನಿದ್ದೇನೆ, ಆದರೆ ಅಂದು ಯಾರೊಡನೆ ಏನು ಮಾತಾಡಿದೆನೆಂಬುದು ಇಂದಿಗೂ ನೆನಪಿಲ್ಲ. ಸರಿಯಾಗಿ ಅಚ್ಚೊತ್ತದೆ ಇದ್ದುದನ್ನು ಯಂತ್ರ ತಂದುಕೊಡಲಾರದು. ಎಲ್ಲರಿಗೂ ನನ್ನಷ್ಟೇ ಗುಣ ಕಾಣುವುದಿಲ್ಲವೆಂದೂ, ಯಂತ್ರ ಬಿಟ್ಟರೆ ಉಸಿರು ನಿಲ್ಲುವುದು ಮತ್ತೆ ಶುರುವಾಗುತ್ತದೆಂದೂ ವೈದ್ಯರು ಹೇಳಿದ್ದಾರೆ. ಈಗ ಗಂಟೆಗೆ 34 ಇದ್ದದ್ದು 3ಕ್ಕೆ ಇಳಿದಿದೆ. ಹರಿಹರದಲ್ಲಿರುವ ನನ್ನ ಅಣ್ಣನಿಗೂ ಜೋರು ಗೊರಕೆ. ಅವನು ದಿನವೂ ಹೆದ್ದಾರಿಯಲ್ಲಿ ಲಾರಿ ಓಡಿಸುವವನು, ಊಟದ ತಟ್ಟೆಯ ಮುಂದೆಯೇ ತೂಕಡಿಸುವವನು. ನಾನೂ ಅತ್ತಿಗೆಯೂ ಒತ್ತಾಯ ಮಾಡಿ ಅವನನ್ನು ನಿದ್ದೆಯ ಪರೀಕ್ಷೆಗೆ ಒಪ್ಪಿಸಿದ್ದೇವೆ. ಬರುವ ಶನಿವಾರ ರಾತ್ರಿ ಅವನ ಜೊತೆ ಆಸ್ಪತ್ರೆಯಲ್ಲಿರಲು ನಾನೇ ಹೋಗುತ್ತಿದ್ದೇನೆ.