ಆರು ಅಡಿಯ ಅಕ್ವೇರಿಯಂ: ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ

ದಾವಣಗೆರೆಯ ನಮ್ಮ ಮನೆಯ ನಡುಮನೆಯಲ್ಲಿ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಹೊಸ ಅಕ್ವೇರಿಯಂ ನಿಂತಿದೆ. ಅಂಚಿನವರೆಗೆ ತುಂಬಿದರೆ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ; ಮರಳು, ಕಲ್ಲು ಮತ್ತು ಮೇಲೆ ಬಿಟ್ಟ ಜಾಗವನ್ನು ಕಳೆದರೆ 600 ಲೀಟರ್ ಉಳಿಯುತ್ತದೆ. ನೀರು ತಿಳಿಯಾಗಿದೆ, ಫಿಲ್ಟರ್ ಓಡುತ್ತಿದೆ, ಮೀನು ಮಾತ್ರ ಒಂದೂ ಇಲ್ಲ. ಎರಡು ದಿನ ಫಿಲ್ಟರ್ ಓಡಿಸಿ ಮೀನು ಬಿಡಬಹುದು ಎಂಬ ಸಲಹೆಯನ್ನು ಅನೇಕರು ಕೇಳಿರುತ್ತಾರೆ. ಆದರೆ ತೊಟ್ಟಿ ಸಿದ್ಧವಾಯಿತೇ ಎಂಬುದನ್ನು ನೀರಿನ ತಿಳಿಯೂ ಹೇಳುವುದಿಲ್ಲ, ಕಳೆದ ದಿನಗಳ ಲೆಕ್ಕವೂ ಹೇಳುವುದಿಲ್ಲ. ಅಳೆದು ನೋಡಿದ ಅಮೋನಿಯಾ ಮತ್ತು ನೈಟ್ರೈಟ್ ಮಾತ್ರ ಹೇಳುತ್ತವೆ.

ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾವನ್ನು ಹೊರಹಾಕುತ್ತಿರುತ್ತದೆ. ಕೆರೆಯಲ್ಲಿ ಅದು ಕರಗಿ ಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಹೋಗಲು ದಾರಿಯಿಲ್ಲದೆ ಕೂಡುತ್ತಾ ಹೋಗಿ ಅದೇ ಕಿವಿರುಗಳನ್ನು ಸುಡುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತದೊಳಗೆ ಸೇರಿ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಎರಡನೆಯ ಕೆಲಸ ನೈಟ್ರೋಬ್ಯಾಕ್ಟರ್‌ನದು ಎಂದು ಬಹುಕಾಲ ನಂಬಲಾಗಿತ್ತು, ಆದರೆ ಸಿಹಿನೀರಿನ ಅಕ್ವೇರಿಯಂಗಳಲ್ಲಿ ಅದನ್ನು ಮಾಡುವುದು ಮುಖ್ಯವಾಗಿ ನೈಟ್ರೋಸ್ಪೈರಾ ಎಂದು 1998ರ ಸಂಶೋಧನೆ ತೋರಿಸಿತು. ಎರಡೂ ಹಂತಗಳನ್ನು ಒಂದೇ ಜೀವಿ ಮುಗಿಸಬಲ್ಲದು ಎಂಬುದು 2015ರಲ್ಲಿ ತಿಳಿದುಬಂದಿತು, ಅಂತಹ ಜೀವಿಗಳು ಸಿಕ್ಕ ಜಾಗಗಳಲ್ಲಿ ಮೀನುಸಾಕಣೆಯ ಫಿಲ್ಟರ್ ಸಹ ಒಂದು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಕೊಳ್ಳುವವರು ಚೀಟಿಯ ಮೇಲೆ ಯಾವ ಹೆಸರಿದೆ ಎಂದು ಓದಿ ನೋಡುವುದು ಒಳ್ಳೆಯದು. ಇವು ನಿಧಾನವಾಗಿ ಬೆಳೆಯುವ ಜೀವಿಗಳು. ಸಂಖ್ಯೆ ಎರಡರಷ್ಟಾಗಲು ಅನುಕೂಲ ಸ್ಥಿತಿಯಲ್ಲಿಯೂ ಹೆಚ್ಚು ಕಡಿಮೆ ಒಂದು ದಿನ ಬೇಕು. ಮೊದಲ ವಾರದಲ್ಲಿ ನೀರು ಬೆಳ್ಳಗೆ ಕದಡಿ ಮತ್ತೆ ತಿಳಿಯಾಗುವುದು ಬೇರೆ ಬ್ಯಾಕ್ಟೀರಿಯಾಗಳ ಆಟ, ಅದಕ್ಕೂ ಈ ಕೆಲಸಕ್ಕೂ ಸಂಬಂಧವಿಲ್ಲ.

ನಮ್ಮ ಸೀಮೆಯ ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಊರಿನ ನಲ್ಲಿಗೆ ತುಂಗಭದ್ರೆಯಿಂದ ಮತ್ತು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯಿಂದ ನೀರು ಬರುತ್ತದೆ. ಅದರಲ್ಲಿ ಕ್ಲೋರಿನ್ ಇರುವುದರಿಂದ ತೊಟ್ಟಿಗೆ ಸೇರಿಸುವ ಮೊದಲು ಹೈಪೋ (ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್) ಹಾಕಲೇಬೇಕು, ಇಲ್ಲದಿದ್ದರೆ ಬೆಳೆಸಬೇಕೆಂದಿರುವ ಜೀವಿಗಳನ್ನೇ ಕೊಂದಂತಾಗುತ್ತದೆ. ಆರು ನೂರು ಲೀಟರ್ ತುಂಬಿಸಬೇಕಾದಾಗ ಬಹಳ ಮಂದಿ ಬೋರ್‌ವೆಲ್ ನೀರನ್ನೇ ನೆಚ್ಚುತ್ತಾರೆ, ಚಿತ್ರದುರ್ಗದ ಕಡೆಯಂತೂ ಕೇಳುವುದೇ ಬೇಡ. ಬೋರ್‌ವೆಲ್‌ನ ಗಡಸು, ಕ್ಷಾರೀಯ ನೀರು ಈ ಬ್ಯಾಕ್ಟೀರಿಯಾಗಳಿಗೆ ನಿಜಕ್ಕೂ ಹಿತ. ಅಮೋನಿಯಾ ರೂಪದ ಪ್ರತಿ ಒಂದು ಮಿಲಿಗ್ರಾಂ ಸಾರಜನಕವನ್ನು ಬದಲಿಸುವಾಗ ಅವು ನೀರಿನ ಕ್ಷಾರೀಯತೆಯಲ್ಲಿ ಸುಮಾರು 7 ಮಿಲಿಗ್ರಾಂ ಖರ್ಚು ಮಾಡುತ್ತವೆ; ಮೆದು ನೀರಿನಲ್ಲಿ ಅದು ಬೇಗ ಬರಿದಾಗಿ ಪಿಎಚ್ ಕುಸಿದು ಕೆಲಸ ನಿಂತೇಹೋಗುತ್ತದೆ. ಆದ್ದರಿಂದ ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಲವಣ ತೆಗೆದ ಮೆದು ನೀರನ್ನು ಕ್ಯಾನ್‌ಗಟ್ಟಲೆ ತಂದು ಅದೊಂದನ್ನೇ ತುಂಬಿಸುವುದು ಸರಿಯಲ್ಲ. ಆದರೆ ಅದೇ ಗಡಸು ನೀರು ಮೀನಿಗೆ ಅಮೋನಿಯಾದ ಅಪಾಯವನ್ನು ಹೆಚ್ಚಿಸುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, ಪಿಎಚ್ 8 ಆದರೆ ಐದು ಪಾಲಿಗಿಂತ ಹೆಚ್ಚು. ಮೀನನ್ನು ಬಿಟ್ಟುಕೊಂಡೇ ತೊಟ್ಟಿಯನ್ನು ಹದಗೊಳಿಸುವ ಹಳೆಯ ಪದ್ಧತಿ ಎಲ್ಲಿಯೂ ಒಳ್ಳೆಯದಲ್ಲ, ನಮ್ಮ ಜಿಲ್ಲೆಗಳಲ್ಲಿ ಅದು ಕ್ರೂರವೇ ಸರಿ ಎಂದು ನಾನು ಹೇಳುವುದು ಇದಕ್ಕಾಗಿ.

ಮೀನಿಲ್ಲದಿದ್ದರೆ ಬ್ಯಾಕ್ಟೀರಿಯಾಗಳಿಗೆ ಆಹಾರವನ್ನು ನಾವೇ ಕೊಡಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೇ ಅಮೋನಿಯಂ ಕ್ಲೋರೈಡ್. ಆದರೆ ಅದರಲ್ಲಿ ಬೇರೆ ಲೋಹಗಳ ಅಂಶ ಇರಬಹುದಾದ್ದರಿಂದ ಪ್ರಯೋಗಾಲಯಕ್ಕೆ ಸಾಮಾನು ಮಾರುವ ಅಂಗಡಿಯಿಂದ ಶುದ್ಧವಾದದ್ದನ್ನು ತರಬೇಕು. 600 ಲೀಟರಿನಲ್ಲಿ ಪ್ರತಿ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗಲು ಸುಮಾರು 3.8 ಗ್ರಾಂ ಸಾಕು. ಚಿನ್ನದ ಅಂಗಡಿಯವರಂತೆ ಸಣ್ಣ ತಕ್ಕಡಿಯಲ್ಲಿ ತೂಗಿ ಹಾಕುವುದು ಒಳ್ಳೆಯದು. ಹೆಚ್ಚು ಹಾಕಿದರೆ ಬೇಗ ಆಗುವುದಿಲ್ಲ, ಲೀಟರಿಗೆ 5 ಮಿಲಿಗ್ರಾಂ ದಾಟಿದರೆ ಕೆಲಸ ಇನ್ನೂ ತಡವಾಗಬಹುದು. ಜೊತೆಗೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿದರೆ ಅವುಗಳಿಗೆ ಬೇಕಾದ ರಂಜಕವೂ ಸಿಗುತ್ತದೆ. ಪರಿಚಯದವರ ಹಳೆಯ, ರೋಗವಿಲ್ಲದ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಾಂಜ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ಹೆಪ್ಪು ಬೇರೊಂದಿಲ್ಲ. ಅದನ್ನು ಅದೇ ತೊಟ್ಟಿಯ ನೀರಿನಲ್ಲಿಟ್ಟು ಬೇಗ ತರಬೇಕು. ಏನೂ ಸಿಗದಿದ್ದರೆ ನಾಲ್ಕರಿಂದ ಆರು ವಾರ ಸಾಮಾನ್ಯ.

ಅಮೋನಿಯಾ ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ, ಅನೇಕರು ತಾಳ್ಮೆ ಕಳೆದುಕೊಳ್ಳುವುದು ಈ ಘಟ್ಟದಲ್ಲಿಯೇ. 2 ಮಿಲಿಗ್ರಾಂ ಅಮೋನಿಯಾ ಪೂರ್ತಿ ಬದಲಾದರೆ 5.4 ಮಿಲಿಗ್ರಾಂ ನೈಟ್ರೈಟ್ ಆಗುತ್ತದೆ, ಮನೆಬಳಕೆಯ ಹಲವು ಟೆಸ್ಟ್ ಕಿಟ್‌ಗಳ ಬಣ್ಣದ ಪಟ್ಟಿ 5ಕ್ಕೇ ಮುಗಿಯುತ್ತದೆ. ಆ ಮೇಲೆ ವಾರಗಟ್ಟಲೆ ಒಂದೇ ಬಣ್ಣ ಕಾಣುವುದರಿಂದ ಏನೂ ನಡೆಯುತ್ತಿಲ್ಲ ಎಂದು ತೋರುತ್ತದೆ. ಆಗ ತೊಟ್ಟಿಯ ಒಂದು ಪಾಲು ನೀರಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂಬತ್ತು ಪಾಲು ಬೆರೆಸಿ ಅಳೆದು, ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸಬೇಕು. ತೀರಾ ಹೆಚ್ಚಿದ್ದರೆ ಅರ್ಧ ನೀರು ಬದಲಿಸಬಹುದು, ಬ್ಯಾಕ್ಟೀರಿಯಾಗಳು ಇರುವುದು ಸ್ಪಾಂಜ್, ಮರಳು, ಕಲ್ಲುಗಳ ಮೈಮೇಲೆಯೇ ಹೊರತು ನೀರಿನಲ್ಲಿ ಅಲ್ಲವಾದ್ದರಿಂದ ನಷ್ಟವಿಲ್ಲ. ನೈಟ್ರೇಟ್ ಅಳೆಯುವ ಕಿಟ್‌ಗಳು ನೈಟ್ರೈಟನ್ನೂ ಸೇರಿಸಿ ತೋರಿಸುವುದರಿಂದ ಈ ಹಂತದಲ್ಲಿ ಆ ಅಳತೆಯನ್ನು ನಂಬಲಾಗದು. ಹೊಲಗಳ ನಡುವಿನ ಬೋರ್‌ವೆಲ್ ಆದರೆ ಗೊಬ್ಬರದ ನೈಟ್ರೇಟ್ ಮೊದಲೇ ಇರಬಹುದು, ತುಂಬಿಸುವ ಮುನ್ನವೇ ಒಮ್ಮೆ ಅಳೆದಿಟ್ಟುಕೊಳ್ಳಬೇಕು.

ಕರೆಂಟ್ ಹೋಗುವುದನ್ನು ಲೆಕ್ಕಕ್ಕೆ ಹಿಡಿಯದೆ ನಮ್ಮಲ್ಲಿ ಅಕ್ವೇರಿಯಂ ನಡೆಸಲಾಗುವುದಿಲ್ಲ. ತೊಟ್ಟಿಯ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಗಂಟೆಗಟ್ಟಲೆ ನಿಂತರೆ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾಗಳು ಸೊರಗುತ್ತವೆ. ನೀರು 25 ಡಿಗ್ರಿಯಲ್ಲಿ ಲೀಟರಿಗೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ 7.5 ಮಾತ್ರ ಹಿಡಿಯುತ್ತದೆ, ಬೇಸಿಗೆಯಲ್ಲಿ ಅಪಾಯ ಅಷ್ಟೇ ಹೆಚ್ಚು. ಇನ್ವರ್ಟರಿಗೆ ಜೋಡಿಸಿದ ಏರ್ ಪಂಪ್ ಮತ್ತು ತೊಟ್ಟಿಯೊಳಗಿನ ಒಂದು ಸ್ಪಾಂಜ್ ಫಿಲ್ಟರ್ ನನ್ನ ಆಯ್ಕೆ.

ಹಾಕಿದ 2 ಮಿಲಿಗ್ರಾಂ ಅಮೋನಿಯಾ ಇಪ್ಪತ್ನಾಲ್ಕು ಗಂಟೆಯೊಳಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ಬಂದು, ಮತ್ತೆ ಅಷ್ಟೇ ಹಾಕಿದಾಗ ಮರುದಿನವೂ ಅದೇ ಫಲ ಸಿಕ್ಕರೆ ತೊಟ್ಟಿ ಸಿದ್ಧ. ದೊಡ್ಡ ತೊಟ್ಟಿಯೆಂದು 4 ಮಿಲಿಗ್ರಾಂವರೆಗೆ ಹೋಗುವ ಅಗತ್ಯವಿಲ್ಲ. 600 ಲೀಟರಿನಲ್ಲಿ ದಿನಕ್ಕೆ 2 ಮಿಲಿಗ್ರಾಂ ಎಂದರೆ ಒಟ್ಟು 1.2 ಗ್ರಾಂ ಅಮೋನಿಯಾ. ಮೀನುಸಾಕಣೆಯ ಲೆಕ್ಕದ ಪ್ರಕಾರ ನೂರಕ್ಕೆ 40 ಪಾಲು ಪ್ರೋಟೀನ್ ಇರುವ ಆಹಾರವನ್ನು ದಿನಕ್ಕೆ 25 ಗ್ರಾಂನಷ್ಟು ಹಾಕಿದಾಗ ಹುಟ್ಟುವ ಪ್ರಮಾಣ ಅದು. ನಾನು ತರಬೇಕೆಂದಿರುವ ರೋಸಿ ಬಾರ್ಬ್‌ಗಳ ಗುಂಪು ಅದರ ಕಾಲು ಭಾಗವನ್ನೂ ತಿನ್ನಲಾರದು. ಆದ್ದರಿಂದ ಅಂದೇ ಬಹುಪಾಲು ನೀರು ಬದಲಿಸಿ ನೈಟ್ರೇಟನ್ನು ಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗಿಳಿಸಿ, ಇಡೀ ಗುಂಪನ್ನು ಒಟ್ಟಿಗೇ ಬಿಡಬಹುದು. ಮೀನು ತರಲು ತಡವಾಗುವುದಾದರೆ ಅವು ಬರುವವರೆಗೂ ಅಮೋನಿಯಂ ಕ್ಲೋರೈಡ್ ಹಾಕುವುದನ್ನು ಮುಂದುವರಿಸಬೇಕು.