ತಗಡಿನ ಚಪ್ಪರದ ಕೆಳಗೆ ಕರಗಿದ ರೈಡ್

ಶಿವಮೊಗ್ಗದ ದುರ್ಗಿಗುಡಿಯ ವಾದ್ಯದಂಗಡಿಯೊಂದರಲ್ಲಿ ಒಂಬತ್ತು ವರ್ಷದಿಂದ ಮಾರಾಟಕ್ಕೆ ನಿಂತಿದ್ದೇನೆ. ಡ್ರಮ್ ಸೆಟ್ಟಿಗೆ ರೈಡ್ ಸಿಂಬಲ್, ಅಂದರೆ ಲಯ ಹಿಡಿದು ಸಾಗಲು ಕೋಲಿನಿಂದ ಬಾರಿಸುವ ದೊಡ್ಡ ಲೋಹದ ತಟ್ಟೆ, ಆರಿಸಿಕೊಡುವುದನ್ನು ಮಾತ್ರ ಒಂದು ಗಿರಾಕಿಯನ್ನು ಕೆಡಿಸಿಯೇ ಕಲಿತೆ.

ತೀರ್ಥಹಳ್ಳಿ ಕಡೆಯ ಆರ್ಕೆಸ್ಟ್ರಾ ಡ್ರಮ್ಮರ್ ಒಬ್ಬರು ಚೌತಿಗೆ ಮುಂಚೆ ಬಂದಿದ್ದರು. ಬೆಳಗಿನ ಹೊತ್ತು, ಅಂಗಡಿ ಖಾಲಿ. 22 ಇಂಚಿನ ತೆಳು ರೈಡೊಂದಕ್ಕೆ ಕೋಲಿನ ತುದಿ ತಾಗಿಸಿದೆ. ಜೇನುಗೂಡು ಗುಂಯ್‌ಗುಟ್ಟಿದಂತೆ ನಾದ ಬಿಚ್ಚಿಕೊಂಡಿತು. ಇಬ್ಬರೂ ತಲೆದೂಗಿದೆವು, ಬಿಲ್ ಹರಿದೆ.

ಹಬ್ಬ ಮುಗಿದ ವಾರದಲ್ಲೇ ಅವರು ಚೀಲ ಹೊತ್ತು ವಾಪಸು ಬಂದರು. "ಇದೇನು ಮಾರಾಯರೇ, ಇಲ್ಲಿ ಹಾಡಿತ್ತು, ಚಪ್ಪರದಲ್ಲಿ ಬರೀ ನಿಟ್ಟುಸಿರು ಬಿಟ್ಟಿತು!"

ಮುಂದಿನ ಕಾರ್ಯಕ್ರಮಕ್ಕೆ ಇನ್ನೆರಡು ರೈಡ್ ಹಿಡಿದು ನಾನೂ ಸಾಗರಕ್ಕೆ ಹೋದೆ. ತಗಡಿನ ಚಪ್ಪರ, ಮೇಲೆ ಸುರಿಯುವ ಮಳೆ, ಪಕ್ಕದಲ್ಲಿ ಕೀಬೋರ್ಡ್, ಎದುರಿಗೆ ಆಳೆತ್ತರದ ಸ್ಪೀಕರ್. ಕೊನೆಯ ಸಾಲಿನಲ್ಲಿ ಕುಳಿತಾಗ ನನ್ನ ತಪ್ಪು ಕಿವಿಗೇ ಬಿತ್ತು. ತೆಳು ರೈಡ್ ಬೇಗ ಅದುರುತ್ತದೆ. ಒಂದು ಪೆಟ್ಟಿನ ಗುಂಗು ಇಳಿಯುವ ಮೊದಲೇ ಮುಂದಿನದು ಬೀಳುತ್ತದೆ, ಪೆಟ್ಟುಗಳೆಲ್ಲ ಒಂದೇ 'ಸ್ಸ್' ಆಗಿಬಿಡುತ್ತವೆ. ತಗಡಿನ ಮೇಲಿನ ಮಳೆಯದೂ ಅದೇ ಜಾತಿಯ ಸದ್ದು. ಎರಡೂ ಒಂದರೊಳಗೊಂದು ಕರಗಿಹೋಗಿದ್ದವು. ಆಮೇಲೆ 20 ಇಂಚಿನ ದಪ್ಪ ರೈಡ್ ಏರಿಸಿದರು. ಅಂಗಡಿಯಲ್ಲಿ ಅದನ್ನು ಬಾರಿಸಿದ್ದರೆ ಪಾತ್ರೆ ಬಡಿದಂತಿದೆ ಎಂದು ನಾನೇ ಪಕ್ಕಕ್ಕಿಡುತ್ತಿದ್ದೆ. ಅಲ್ಲಿ ಒಂದೊಂದು ಪೆಟ್ಟೂ ಟಿಂಗ್, ಟಿಂಗ್ ಎಂದು ಎಣಿಸುವಷ್ಟು ಸ್ಪಷ್ಟ. ನಡುವಿನ ಉಬ್ಬಿಗೆ, ಅಂದರೆ ಬೆಲ್‌ಗೆ, ಕೋಲಿನ ಹೆಗಲು, ತುದಿಯ ಕೆಳಗಿನ ಭಾಗ, ತಗಲಿದಾಗ ಸದ್ದು ಮಳೆಯನ್ನು ಸೀಳಿಕೊಂಡು ಬಂತು.

ಅಲ್ಲಿಯವರೆಗೆ ನಾನು ಲೋಹದ ಗುಣವನ್ನಷ್ಟೇ ಹೇಳಿ ಮಾರುತ್ತಿದ್ದೆ: 80 ಪಾಲು ತಾಮ್ರಕ್ಕೆ 20 ಪಾಲು ತವರ ಬೆರೆತ ಕಂಚು, ದೇವಸ್ಥಾನದ ಗಂಟೆಯದೂ ಹೆಚ್ಚುಕಡಿಮೆ ಇದೇ ಪಾಕ. ಸುಳ್ಳಲ್ಲ. ಹಿತ್ತಾಳೆಯ ಅಗ್ಗದ ಸಿಂಬಲ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಆ ತೆಳು ರೈಡೂ ದಪ್ಪ ರೈಡೂ ಎರಡೂ ಕಂಚಿನವೇ ಆಗಿದ್ದವು.

ಈಗ ಯಾರೇ ಬಂದರೂ ನನ್ನ ಮೊದಲ ಪ್ರಶ್ನೆ, "ಎಲ್ಲಿ ಬಾರಿಸುತ್ತೀರಿ?" ಸ್ವಂತ ಕೋಲು ತರಲು ಹೇಳುತ್ತೇನೆ, ಮರದ ತುದಿಗೂ ನೈಲಾನ್ ತುದಿಗೂ ಅದೇ ಸಿಂಬಲ್ ಬೇರೆ ಬೇರೆಯಾಗಿ ಮಾತಾಡುತ್ತದೆ, ನೈಲಾನಿಗೆ ಹೊಳಪು ಹೆಚ್ಚು. ಸ್ನೇರ್, ಬಾಸ್ ಡ್ರಮ್ ಜೊತೆ ಸೇರಿಸಿಯೇ ಬಾರಿಸಿ ತೋರಿಸುತ್ತೇನೆ. ಆಮೇಲೆ ಗಿರಾಕಿಯನ್ನು ರಸ್ತೆಯ ಆಚೆ ಬದಿಗೆ ಕಳಿಸುತ್ತೇನೆ. ಆಟೋ, ಬಸ್ಸಿನ ನಡುವೆ ನಿಂತು ಅವರು ಕೇಳಬೇಕು, ನಾನು ಒಳಗಿಂದ ಬಾರಿಸಬೇಕು. ನಮ್ಮ ಯಜಮಾನರಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ. ತಕ್ಕಡಿಯನ್ನೂ ಇಟ್ಟುಕೊಂಡಿದ್ದೇನೆ, ಕೈಯಿಂದ ಬಡಿದು ಮಾಡಿದ ರೈಡ್‌ಗಳಲ್ಲಿ ಒಂದೇ ಹೆಸರಿನ, ಒಂದೇ ಅಳತೆಯ ಎರಡು ಕೂಡ ಒಂದೇ ತೂಗುವುದಿಲ್ಲ.

ವಾಪಸು ಬಂದ ಆ ತೆಳು ರೈಡ್ ಒಂದು ಮಳೆಗಾಲ ನಮ್ಮ ಕಪಾಟಿನಲ್ಲೇ ಕುಳಿತಿತು. ಮಲೆನಾಡಿನ ತೇವಕ್ಕೆ ಬೆರಳಚ್ಚು ಬಿದ್ದಲ್ಲೆಲ್ಲ ಹಸಿರು ಕಿಲುಬು ಹಿಡಿಯುತ್ತದೆ, ವಾರಕ್ಕೊಮ್ಮೆ ಒರೆಸುತ್ತಿದ್ದೆ. ಕೊನೆಗೆ ಭಾವಗೀತೆಯ ತಂಡದಲ್ಲಿ ಕೋಲಿನ ಬದಲು ತಂತಿಯ ಬ್ರಷ್ ಹಿಡಿದು ಮೆಲ್ಲಗೆ ಬಾರಿಸುವ ಹಿರಿಯರೊಬ್ಬರು ಬಂದರು. ನಾನು ಮಾಮೂಲಿನಂತೆ ರಸ್ತೆ ದಾಟಿ ನಿಲ್ಲಿ ಎಂದೆ. "ನಮ್ಮ ಕೇಳುಗರು ಅಷ್ಟು ದೂರ ಕೂರುವುದಿಲ್ಲ ಮಾರಾಯರೇ," ಎಂದು ನಕ್ಕು, ಕೌಂಟರಿನ ಪಕ್ಕದ ಸ್ಟೂಲಿನಲ್ಲೇ ಕುಳಿತು ಕೇಳಿ, ತೆಗೆದುಕೊಂಡು ಹೋದರು.