ಡ್ರಮ್ ಕಂಡರೆ ಕಾಲುನೋವು: ಬ್ಯಾರೆಲ್ ಕುದುರೆ ಹುಡುಕಾಟ, ನಾಲ್ಕನೇ ವಾರ

ಟೆಕ್ಸಸ್‌ನ ಸ್ಟೀಫನ್‌ವಿಲ್ ಸುತ್ತ ಕಲ್ಲೆಸೆದರೆ ಬ್ಯಾರೆಲ್ ಕುದುರೆಗೇ (ಮೂರು ಡ್ರಮ್ ಸುತ್ತಿ ಓಡುವ ರೋಡಿಯೊ ಪಂದ್ಯದ ಕುದುರೆ) ತಾಗುತ್ತದೆ, ಕೊಳ್ಳುವಂಥದ್ದಕ್ಕೆ ಮಾತ್ರ ತಾಗುವುದಿಲ್ಲ. ನಾಲ್ಕು ವಾರ, ಆರು ಕುದುರೆ, ಕೊಂಡದ್ದು ಸೊನ್ನೆ. ಐದರ ಲೆಕ್ಕ ಬೇಗ ಮುಗಿಯುತ್ತದೆ: ಎರಡು ಗೇಟಿನಲ್ಲೇ ಮುಂಗಾಲೆತ್ತಿ ನಿಂತವು, ಒಂದರ ಕಾಗಿನ್ಸ್ ವರದಿಗೆ (ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯ ರಕ್ತಪರೀಕ್ಷೆ) ವರ್ಷ ದಾಟಿತ್ತು, ಒಂದರ ನೋಂದಣಿ ಪತ್ರದಲ್ಲಿ ಮಾಲೀಕರ ಹೆಸರೇ ಬೇರೆ, ಮತ್ತೊಂದರ ‘15.8 ಸೆಕೆಂಡ್’ ವಿಡಿಯೊ ತೆಗೆದದ್ದು ಹಿತ್ತಲಿನ ಪುಟಾಣಿ ಅಖಾಡದಲ್ಲಿ. 60-90-105 ಅಡಿಯ ಪೂರ್ತಿ ಅಳತೆಯಲ್ಲಿ (ಶುರುವಿನ ಗೆರೆಯಿಂದ ಮೊದಲೆರಡು ಡ್ರಮ್ಮಿಗೆ 60, ಆ ಎರಡರ ನಡುವೆ 90, ಅವುಗಳಿಂದ ಮೂರನೆಯದಕ್ಕೆ 105) 17 ಚಿಲ್ಲರೆ ಓಡಿದರೆ ಅದು ಓಟ. ಬರೀ ಸಮಯ ಕೇಳಿ ಪ್ರಯೋಜನವಿಲ್ಲ. ಫಲಿತಾಂಶದ ಹಾಳೆ ಕೇಳಿ, ಅದೇ ದಿನ ಗೆದ್ದ ಕುದುರೆಗಿಂತ ಎಷ್ಟು ಹಿಂದಿತ್ತು ನೋಡಬೇಕು.

ತಲೆ ತಿಂದದ್ದು ಆರನೆಯದು. ಕಂದು ಮೈ, ಕಪ್ಪು ಜೂಲು, ಒಂಬತ್ತು ವರ್ಷದ ಗೆಲ್ಡಿಂಗ್ (ಬೀಜ ತೆಗೆಸಿದ ಗಂಡುಕುದುರೆ). ಎರಡನೇ, ಮೂರನೇ ಡ್ರಮ್ಮನ್ನು ಬೆಣ್ಣೆಯಲ್ಲಿ ಕೂದಲೆಳೆದಂತೆ ಸುತ್ತುತ್ತದೆ. ಮೊದಲನೆಯದರಲ್ಲಿ ಮಾತ್ರ ಭುಜ ಒಳಗೆ ಬೀಳಿಸಿ ಡ್ರಮ್ ಕೆಡವುತ್ತದೆ (ಐದು ಸೆಕೆಂಡ್ ಹೋಯಿತು), ಇಲ್ಲವೇ ಅಗಲವಾಗಿ ಹಾರಿ ಬೇಲಿ ಮುಟ್ಟುತ್ತದೆ. ಮಾರುವವರ ತೀರ್ಪು: ‘ಸವಾರರ ಕೈ ಸರಿಯಿಲ್ಲ.’ ಹೆತ್ತವರಿಗೆ ಹೆಗ್ಗಣ ಮುದ್ದು.

ಬಲ ಡ್ರಮ್ಮಿನಿಂದ ಶುರುಮಾಡಿದರೆ ತಿರುವು ಒಂದು ಬಲಕ್ಕೆ, ಎರಡು ಎಡಕ್ಕೆ. ಹಾಗಾಗಿ ತಕರಾರು ‘ಮೊದಲ ಡ್ರಮ್’ದೋ ‘ಬಲ ತಿರುವಿ’ನದೋ ಗೊತ್ತಾಗುವುದಿಲ್ಲ. ಬಿಡಿಸುವ ದಾರಿ ಸುಲಭ: ವೇಗ ಲೋಪ್‌ಗೆ (ನಿಧಾನದ ನೆಗೆತದ ಓಟ) ಇಳಿಸಿ ಎಡ ಡ್ರಮ್ಮಿನಿಂದ ಶುರುಮಾಡುವುದು. ಗೇಟಿನ ಗಾಬರಿಯಾಗಿದ್ದರೆ ತಪ್ಪು ಮೊದಲನೆಯದರಲ್ಲೇ ಉಳಿಯಬೇಕು. ಉಳಿಯಲಿಲ್ಲ. ಎಡಕ್ಕೆ ಸಲೀಸಾಗಿ ತಿರುಗಿತು, ಆಮೇಲಿನ ಎರಡೂ ಬಲ ತಿರುವಿನಲ್ಲಿ ಭುಜ ಬಿತ್ತು. ಬಾಯಿಗೆ ಸಾದಾ ಸ್ನಾಫಲ್ (ಮೆದು ಕಡಿವಾಣ) ಹಾಕಿದರೂ ಅದೇ. ಜೀನು ಕಳಚಿ ಉದ್ದ ಹಗ್ಗದಲ್ಲಿ ಗಟ್ಟಿ ನೆಲದ ಮೇಲೆ ಟ್ರಾಟ್ (ದುಡುಕಿ ನಡೆ) ಮಾಡಿಸಿದಾಗ ಬಲಕ್ಕೆ ಸುತ್ತುವಾಗ ಬಲ ಹಿಂಗಾಲಿನ ಹೆಜ್ಜೆ ಗಿಡ್ಡ. ಬಲ ತಿರುವಿನಲ್ಲಿ ಆ ಕಾಲು ಹೊಟ್ಟೆಯಡಿ ಬಂದು ಭಾರ ಹೊರಬೇಕು. ನೋವಿದ್ದರೆ ಕುದುರೆ ಹಿಂದಕ್ಕೆ ಕೂರುವುದಿಲ್ಲ, ಭಾರವನ್ನೆಲ್ಲ ಮುಂದಕ್ಕೆ ದೂಡುತ್ತದೆ, ಭುಜ ಬೀಳುತ್ತದೆ. ಸವಾರರ ಕೈ ಪಾಪ ಏನು ಮಾಡೀತು?

ಪಶುವೈದ್ಯರು (ಮಾರುವವರ ಕಡೆಯವರಲ್ಲ) ಆ ಹಿಂಗಾಲನ್ನು ನಿಮಿಷದ ಮೇಲೆ ಮಡಿಸಿ ಹಿಡಿದು ಬಿಟ್ಟರು. ಟ್ರಾಟ್‌ನ ಮೊದಲ ಹೆಜ್ಜೆಗಳಲ್ಲೇ ಕುಂಟು. ಎಕ್ಸ್‌ರೇಯಲ್ಲಿ ಹಾಕ್ ಕೀಲಿನ (ಹಿಂಗಾಲಿನ ನಡುವಿನ ದೊಡ್ಡ ಕೀಲು) ಕೆಳಗಿನ ಎರಡು ಸಂದೂ ಸವೆದು ಕಿರಿದಾಗಿವೆ. ಆಗ ಹೊರಬಿತ್ತು: ‘ಹೋದ ಚಳಿಗಾಲ ಮೇಂಟೆನೆನ್ಸ್ ಮಾಡಿಸಿದ್ದೆವಲ್ಲ!’ ಕೀಲಿಗೆ ಸ್ಟೀರಾಯ್ಡ್ ಚುಚ್ಚಿಸುವುದಕ್ಕೆ ಸ್ಕೂಟರಿನ ಆಯಿಲ್ ಬದಲಿಸಿದ ಹೆಸರು. ಚುಚ್ಚಿಸುವುದು ತಪ್ಪಲ್ಲ, ಓಡುವ ಬ್ಯಾರೆಲ್ ಕುದುರೆಗಳಲ್ಲಿ ಮಾಮೂಲು. ತಾರೀಕು ಮುಚ್ಚಿಡುವುದು ತಪ್ಪು. ಇತ್ತೀಚೆಗೆ ಚುಚ್ಚಿದ ಕಾಲು ಮಡಿಸಿದರೂ ಏನೂ ಹೇಳದೆ ಇರಬಹುದು.

ಮೊದಲ ಭೇಟಿಯಲ್ಲೇ ಒಂದು ಗುರುತು ಕಣ್ಣೆದುರಿತ್ತು: ಕುದುರೆ ತಣ್ಣಗೆ ಕಟ್ಟಿಹಾಕಿತ್ತು, ಆದರೆ ಜೀನು ಕೂರುವ ಜಾಗದಲ್ಲಿ ಒಣಗಿದ ಬೆವರಿನ ಬಿಳಿ ಉಪ್ಪಿನ ಗೆರೆ. ಬೆಳಗ್ಗೆಯೇ ಓಡಿಸಿ ಬಿಗಿ ಬಿಡಿಸಿದ್ದರು. ಸವೆದ ಕೀಲು ಮೈ ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ಬ್ಯೂಟ್ (ಕುದುರೆಗಳ ನೋವುಮದ್ದು) ತಿನ್ನಿಸಿದ್ದರೆ ಇನ್ನೂ ಸುಮ್ಮನೆ. ಅದಕ್ಕೇ ಪರೀಕ್ಷೆಯ ದಿನವೇ ರಕ್ತ ತೆಗೆಸಿಡುವುದು.

ಈ ನಡುವೆ ಪೋಲ್ ಬೆಂಡಿಂಗ್‌ಗೆ (ಸಾಲುಕಂಬಗಳ ನಡುವೆ ಹಾವಿನಂತೆ ಓಡಿಸುವ ಪಂದ್ಯ) ಆರು ಕಂಬಗಳ ಸಾಮಾನು ಬಂದು ಬಿದ್ದಿದೆ. 21 ಅಡಿಗೊಂದು ನಿಲ್ಲಿಸಿದರಾಯಿತು. ಕಂಬದ ಬುಡಕ್ಕೆ ಸುರಿಯಲು ಸಿಮೆಂಟೋ ಕಾಂಕ್ರೀಟೋ ಎಂಬ ಜಗಳ ಬಾಕಿ. ಕಂದು ಕುದುರೆಯನ್ನು ಅದಕ್ಕಾದರೂ ಅಗ್ಗಕ್ಕೆ ತರಬಹುದೇ ಎಂದರೆ, ಅಲ್ಲೂ ಒಂದು ಕಂಬ ಬಿಟ್ಟು ಒಂದಕ್ಕೆ ಬಲಕ್ಕೇ ಬಾಗಬೇಕು.

ಶನಿವಾರ ಏಳನೆಯದು, ಹನ್ನೊಂದು ವರ್ಷದ ಹೆಣ್ಣುಕುದುರೆ. ಬರುವವರೆಗೆ ಜೀನು ಹಾಕಬೇಡಿ, ಕೊಟ್ಟಿಗೆಯಿಂದ ಹೊರಗೂ ತರಬೇಡಿ ಎಂದು ಹೇಳಿಯಾಗಿದೆ. ಹೊರಟ ಸುದ್ದಿ ಕೊಡುವುದು ಮಾತ್ರ ತಲುಪುವ ಅರ್ಧ ಗಂಟೆ ಮೊದಲು.